ಟೊಮೆಟೊ ಕುಡಿದ ನೀರು

ಬೆಂಗಳೂರಿನ ಸಾವಯವ ಅಂಗಡಿಯಲ್ಲಿ ಕೋಲಾರದ ಟೊಮೆಟೊ ಕೊಂಡವರಿಗೆ ಎರಡು ಸಮಾಧಾನ: ವಿಷ ಹೊಡೆದಿಲ್ಲ, ದೂರದ್ದೂ ಅಲ್ಲ. ಮೊದಲನೆಯದನ್ನು ಒಪ್ಪುತ್ತೇನೆ. ಹತ್ತಿರದಲ್ಲಿ ಬೆಳೆದದ್ದೆಲ್ಲ ನೆಲಕ್ಕೆ ಹಗುರ ಎಂಬ ಎರಡನೆಯ ನಂಬಿಕೆ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದ ಮೇಲೆ ತರಕಾರಿ ತೋಟಗಳು ನಂಬಿದ್ದು ಸಾವಿರ ಅಡಿಗೂ ಕೆಳಗಿಳಿದ ಕೊಳವೆಬಾವಿಗಳನ್ನು. ಆ ಆಳದ ನೀರು ಒಂದೆರಡು ಮುಂಗಾರಿಗೆ ಮರಳಿ ತುಂಬುವಂಥದ್ದಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧೀಕರಣಗೊಂಡು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಮೂರನೇ ಹಂತವೂ ಆಗಬೇಕೆಂದು ಅಲ್ಲಿನ ಹೋರಾಟಗಾರರು ಕೇಳುತ್ತ ಬಂದಿದ್ದಾರೆ. ಗಿಡಕ್ಕೆ ಕೊಟ್ಟಿಗೆ ಗೊಬ್ಬರ, ಜೀವಾಮೃತ ಬಿದ್ದಿರಬಹುದು. ಬೇರಿಗೆ ಇಳಿದ ನೀರು ಎಲ್ಲಿಯದೆಂದು ಪೊಟ್ಟಣದ ಮೇಲಿನ ಹಸಿರು ಮುದ್ರೆ ಹೇಳುವುದಿಲ್ಲ.

ಇದಕ್ಕೆ ಎದುರಾಗಿ ದೂರದ್ದೊಂದನ್ನು ನೋಡಿ: ವಿಜಯಪುರದ ಬಿಳಿಜೋಳ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ದೂರದಿಂದ ಬರುತ್ತದೆ. ಹಿಂಗಾರಿನಲ್ಲಿ ಬಿತ್ತಿದ ಮೇಲೆ ಎರೆಭೂಮಿ ಹಿಡಿದಿಟ್ಟ ತೇವವೇ ಅದಕ್ಕೆ ನೀರು. ಮಾಲ್ದಂಡಿ ತಳಿ ಅಷ್ಟರಲ್ಲೇ ತೆನೆ ಕಟ್ಟುತ್ತದೆ. ಲಾರಿಗೆ ಡೀಸೆಲ್ ಸುಡುವುದು ನಿಜ. ಆದರೆ ಲೋಡುಗಟ್ಟಲೆ ಬರುವ ಒಣ ಕಾಳಿನಲ್ಲಿ ಕಿಲೋ ಒಂದಕ್ಕೆ ಬೀಳುವ ಡೀಸೆಲ್ ಸ್ವಲ್ಪವೇ. ತಿಂಗಳುಗಟ್ಟಲೆ ಇಟ್ಟರೂ ಅದಕ್ಕೆ ಶೀತಲಗೃಹ ಬೇಕಿಲ್ಲ.

ಹತ್ತಿರದ್ದೇ ಬೇಕೆಂದರೆ ಕೋಲಾರದ ಖುಷ್ಕಿ ಹೊಲದಲ್ಲೇ ರಾಗಿ ಇದೆ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಮಳೆ ಬಿಟ್ಟರೆ ಬೇರೆ ನೀರಿಲ್ಲ. ಹುಲ್ಲು ದನಕ್ಕೆ, ದನದ ಗೊಬ್ಬರ ಮತ್ತೆ ಅದೇ ಹೊಲಕ್ಕೆ. ನನ್ನ ಕಣ್ಣಿಗೆ ಸಾವಯವ ಎಂದರೆ ಇದು; ಇದಕ್ಕೆ ಮುದ್ರೆ ಬೇಕಾಗಿರಲಿಲ್ಲ.

ಟೊಮೆಟೊ ಬೆಳೆಯುವ ರೈತರನ್ನು ನಾನು ದೂರುತ್ತಿಲ್ಲ. ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ರಾಗಿಯಿಂದ ಹುಟ್ಟುವುದಿಲ್ಲ ಎಂಬ ಅವರ ಲೆಕ್ಕ ತಪ್ಪಲ್ಲ. ಹನ್ನೆರಡು ತಿಂಗಳೂ ಟೊಮೆಟೊ ಬೇಕೆಂದು ಹಟ ಹಿಡಿದವರು ನಾವು. ಹುಣಸೆಹುಳಿಯಲ್ಲೇ ಸಾರು ಕುದಿಸುತ್ತಿದ್ದ ಮನೆಗಳಿಗೂ ಈಗ ಅದಿಲ್ಲದೆ ಆಗುವುದಿಲ್ಲ. ಸೊಗಡಿನ ಅವರೆಗಾದರೆ ಡಿಸೆಂಬರಿನವರೆಗೆ ಕಾಯುತ್ತೇವಲ್ಲ?

2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಮುದ್ರೆಯ ಕೆಳಗೆ ಇನ್ನೊಂದು ಸಾಲು ಬರೆಸುವುದು ಅದಕ್ಕೆ ಕಷ್ಟವಾಗಬಾರದು: ಮಳೆ, ಕೆರೆ ಅಥವಾ ಕೊಳವೆಬಾವಿ. ಕೊಳವೆಬಾವಿಯಾದರೆ, ಎಷ್ಟು ಅಡಿ.