ಗುಮಾನಿಯಿಂದ ಗೆಳೆತನಕ್ಕೆ

ದಕ್ಷಿಣ ಆಫ್ರಿಕಾದ ನೆಲ್ಸನ್ ಮಂಡೇಲರ ಆತ್ಮಕಥೆ 'ಲಾಂಗ್ ವಾಕ್ ಟು ಫ್ರೀಡಂ' (1994) ಕೈಗೆತ್ತಿಕೊಂಡವರು ಜೈಲಿನ ಪುಟಗಳಿಗೆ ಧಾವಿಸುವುದೇ ಹೆಚ್ಚು. ಕತೆ ಬರೆಯುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುವಕ ಮಂಡೇಲರ ಗುಮಾನಿ. ಭಾರತೀಯರನ್ನೂ ಕಮ್ಯುನಿಸ್ಟರನ್ನೂ ಜತೆಗೆ ಸೇರಿಸಿಕೊಂಡರೆ ಆಫ್ರಿಕನ್ನರ ಹೋರಾಟ ಅವರ ಕೈವಶವಾದೀತೆಂದು ಅವರು ನಂಬಿದ್ದರು. ಅದಕ್ಕೇ 1950ರ ಮೇ ದಿನದ ಮುಷ್ಕರವನ್ನು ವಿರೋಧಿಸಿದರು. ಅಂದು ಪೊಲೀಸರ ಗುಂಡಿಗೆ 18 ಮಂದಿ ಬಲಿಯಾದರು. ಜೂನ್ 26ರ ಜಂಟಿ ಪ್ರತಿಭಟನೆಗೆ ಇದೇ ಮಂಡೇಲ ದುಡಿದರು. ಜೋಹಾನ್ಸ್‌ಬರ್ಗಿನಲ್ಲಿ ಇಸ್ಮಾಯಿಲ್ ಮೀರ್ ಅವರ ಫ್ಲ್ಯಾಟಿನ ಊಟ, ಸರಿರಾತ್ರಿಯ ವಾಗ್ವಾದಗಳೂ ಆ ಗುಮಾನಿಯನ್ನು ಕರಗಿಸಿದ್ದವು. (ರಾಜಕೀಯ ಚರಿತ್ರೆಗಳಲ್ಲಿ ಅಡುಗೆಮನೆಗೆ ಜಾಗವೇ ಇರುವುದಿಲ್ಲ!)

1955ರಲ್ಲಿ ಕ್ಲಿಪ್‌ಟೌನಿಗೆ ಆಫ್ರಿಕನ್, ಭಾರತೀಯ, ಮಿಶ್ರವರ್ಣೀಯ, ಬಿಳಿಯ ಸಂಘಟನೆಗಳು ತಂತಮ್ಮ ಹೆಸರುಗಳನ್ನು ಉಳಿಸಿಕೊಂಡೇ ಬಂದವು. ದೇಶವು ಅಲ್ಲಿ ಬದುಕುವ ಕರಿಯರು, ಬಿಳಿಯರು ಎಲ್ಲರದೆಂದು ಸನ್ನದು ಸಾರಿತು. ಕಸಿದುಕೊಂಡ ನೆಲ ಕಸಿದವರದೂ ಆದೀತೇ ಎಂಬ ತಕರಾರೆದ್ದಿತು. 1959ರಲ್ಲಿ ರಾಬರ್ಟ್ ಸೊಬುಕ್ವೆ ಬೇರೆ ಪಕ್ಷ ಕಟ್ಟಿದರು. ತಾನೂ ಒಮ್ಮೆ ಹೀಗೇ ಯೋಚಿಸುತ್ತಿದ್ದೆನೆಂದು ಒಪ್ಪುವ ಮಂಡೇಲ, ಅದನ್ನು ಎಳಸುತನವೆಂದು ಬದಿಗೆ ಸರಿಸುತ್ತಾರೆ. ಇಲ್ಲಿ ಪುಸ್ತಕ ಅವಸರಪಟ್ಟಿದೆ. ಅದು ಬರಿಯ ಎಳಸುತನವಾಗಿದ್ದರೆ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ತನ್ನ ಕಾರ್ಯಕಾರಿ ಸಮಿತಿಯ ಬಾಗಿಲನ್ನು ಉಳಿದವರಿಗೆ ತೆರೆಯಲು 1985ರವರೆಗೆ ಕಾದದ್ದೇಕೆ?