ಗಿಟಾರಿನ ಒಡಲು: ಕೈಕಸುಬು, ಐತಿಹ್ಯ ಮತ್ತು ಬೀಟೆ ಮರ

ಕನ್ನಡದಲ್ಲಿ ವಾದ್ಯಗಳನ್ನು ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ವಾದ್ಯ ನುಡಿಸುವವರ ಅಧ್ಯಯನಗಳು. ಕಿನ್ನರಿ ಜೋಗಿಗಳ ಕಿನ್ನರಿಯನ್ನಾಗಲಿ, ಎಲ್ಲಮ್ಮನ ಭಕ್ತರ ಚೌಡಿಕೆಯನ್ನಾಗಲಿ, ತತ್ತ್ವಪದಕಾರರ ಏಕತಾರಿಯನ್ನಾಗಲಿ ವಿವರಿಸುವಾಗ ಹಾಡಿನ ಪಠ್ಯಕ್ಕೆ ಹಲವು ಪುಟಗಳನ್ನೂ ವಾದ್ಯದ ರಚನೆಗೆ ಒಂದು ಪ್ಯಾರಾವನ್ನೂ ಮೀಸಲಿಡುವುದು ವಾಡಿಕೆ. ಇದಕ್ಕೆ ಕಾರಣವಿಲ್ಲದಿಲ್ಲ. ಜನಪದ ತಂತಿವಾದ್ಯಗಳಲ್ಲಿ ಅನೇಕವನ್ನು ಹಾಡುವವನೇ ಸೋರೆಬುರುಡೆ, ಬಿದಿರು, ಚರ್ಮ, ತಂತಿಗಳಿಂದ ಕಟ್ಟಿಕೊಳ್ಳುತ್ತಾನೆ; ಅಲ್ಲಿ ಮಾಡುವವನೆಂಬ ಪ್ರತ್ಯೇಕ ವ್ಯಕ್ತಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಮಾಡುವವನೂ ನುಡಿಸುವವನೂ ಬೇರೆ ಬೇರೆಯಾದ ಕಡೆ, ವಾದ್ಯದ ಶ್ರೇಷ್ಠತೆ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಅದು ಕೈಯಿಂದ ಬಂತೋ, ಮರದಿಂದ ಬಂತೋ, ಅಥವಾ ಆ ಎರಡನ್ನೂ ಕುರಿತು ಜನ ಹೇಳಿಕೊಳ್ಳುವ ಕಥೆಯಿಂದ ಬಂತೋ?

ಈ ಪ್ರಶ್ನೆಗೆ ಗಿಟಾರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ವಿದ್ಯುತ್ತಿನ ನೆರವಿಲ್ಲದೆ ಮರದ ಒಡಲಿನಿಂದಲೇ ನಾದ ಹೊಮ್ಮಿಸುವ ಗಿಟಾರುಗಳ ಸುತ್ತ ಕಳೆದ ನೂರೈವತ್ತು ವರ್ಷಗಳಲ್ಲಿ ಐತಿಹ್ಯಗಳ ಒಂದು ದೊಡ್ಡ ರಾಶಿಯೇ ಬೆಳೆದಿದೆ. ಆ ಐತಿಹ್ಯಗಳಲ್ಲಿ ಬಹು ಮುಖ್ಯವಾದ ಒಂದರಲ್ಲಿ ಪಶ್ಚಿಮಘಟ್ಟದ ಬೀಟೆ ಮರಕ್ಕೂ ಒಂದು ಪಾತ್ರವಿದೆ. ಪರದೇಶದ ಈ ವಾದ್ಯವನ್ನು ಕರ್ನಾಟಕದ ಜಾನಪದ ವಿದ್ವತ್ತು ಗಮನಿಸಬೇಕಾದುದು ಈ ಕಾರಣಕ್ಕಾಗಿ.

ಇಂದಿನ ಶಾಸ್ತ್ರೀಯ ಗಿಟಾರಿನ ರೂಪವನ್ನು ಖಚಿತಗೊಳಿಸಿದವನು ಸ್ಪೇನಿನ ಅಂತೋನಿಯೊ ದೆ ತೋರೆಸ್ (1817-1892). ಆಲ್ಮೆರಿಯಾದ ಸಮೀಪದಲ್ಲಿ ಹುಟ್ಟಿ, ಬಡಗಿಯಾಗಿ ಕೆಲಸ ಕಲಿತು, ಸೆವಿಲ್ಲೆಯಲ್ಲಿ ಗಿಟಾರ್ ತಯಾರಕನಾಗಿ ಹೆಸರು ಪಡೆದ ಈತ ವಾದ್ಯದ ಒಡಲನ್ನು ಹಿಗ್ಗಿಸಿದ, ಮುಂಬದಿಯ ಹಲಗೆಯನ್ನು ತೆಳುವಾಗಿಸಿದ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಳ್ಳುವ ಸಣ್ಣ ಪಟ್ಟಿಗಳನ್ನು ಅಂಟಿಸುವ ಕ್ರಮವನ್ನು ಪರಿಪೂರ್ಣಗೊಳಿಸಿದ. ಹಣವಂತರಿಗೆ ಅಲಂಕೃತ ವಾದ್ಯಗಳನ್ನೂ ಸಾಮಾನ್ಯ ವಾದಕರಿಗೆ ಸೈಪ್ರೆಸ್ ಮರದ ಸರಳ ವಾದ್ಯಗಳನ್ನೂ ಮಾಡಿಕೊಟ್ಟ. ಹೆಂಡದಂಗಡಿಗಳಲ್ಲೂ ಕ್ಷೌರದಂಗಡಿಗಳಲ್ಲೂ ಬಾಳಿದ್ದ ಗಿಟಾರು ಸಂಗೀತ ಸಭೆಗೆ ಏರಿದ್ದರಲ್ಲಿ ಫ್ರಾನ್ಸಿಸ್ಕೊ ತಾರೆಗನಂಥ ವಾದಕರಷ್ಟೇ ಪಾಲು ಈ ಬಡಗಿಯದೂ ಆಗಿದೆ. ತಾರೆಗ ಬಹುಕಾಲ ನುಡಿಸಿದ್ದು 1864ರಲ್ಲಿ ತೋರೆಸ್ ಮಾಡಿದ ಗಿಟಾರನ್ನೇ.

1862ರಲ್ಲಿ ತೋರೆಸ್ ಒಂದು ವಿಚಿತ್ರ ವಾದ್ಯವನ್ನು ಮಾಡಿದ. ಅದರ ಮುಂಬದಿ ಸ್ಪ್ರೂಸ್ ಮರದ್ದು. ಬೆನ್ನು ಮತ್ತು ಪಕ್ಕಗಳು ಮಾತ್ರ ಕಾಗದದ ರಟ್ಟಿನವು. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿರುವ ಈ ಗಿಟಾರು ಒಬ್ಬ ಕುಶಲಕರ್ಮಿ ಮರದಲ್ಲಿ ಮಂಡಿಸಿದ ವಾದವೆಂದೇ ಹೇಳಬೇಕು. ನಾದವನ್ನು ಮುಖ್ಯವಾಗಿ ನಿರ್ಣಯಿಸುವುದು ಮುಂಬದಿಯ ಹಲಗೆ ಮತ್ತು ಅದರ ಒಳಗಟ್ಟು. ಬೆನ್ನಿನ ಮರದ ಬೆಲೆಗೂ ನಾದದ ಬೆಲೆಗೂ ನೇರ ಸಂಬಂಧವಿಲ್ಲ ಎಂಬುದೇ ಆ ವಾದ. ತೋರೆಸ್‌ನನ್ನು ಬಲ್ಲ ಪಾದ್ರಿಯೊಬ್ಬರು ಬಹುಕಾಲದ ನಂತರ ಬರೆದಿಟ್ಟ ನೆನಪೊಂದನ್ನು ಅವನ ಜೀವನ ಚರಿತ್ರೆಕಾರರು ಉಲ್ಲೇಖಿಸುತ್ತಾರೆ. ನಿನ್ನ ಗುಟ್ಟನ್ನು ಲೋಕಕ್ಕೆ ಬಿಟ್ಟುಹೋಗಬಾರದೇ ಎಂದು ಕೇಳಿದಾಗ, ಅದು ತನ್ನ ಹೆಬ್ಬೆರಳು ಮತ್ತು ತೋರುಬೆರಳ ತುದಿಗಳ ನಡುವೆ ಇದೆ, ಹಲಗೆ ಹದಕ್ಕೆ ಬಂದಿದೆಯೇ ಎಂಬುದನ್ನು ತಿಳಿಸುವುದು ಆ ಬೆರಳುಗಳೇ ಎಂಬ ಅರ್ಥದ ಉತ್ತರ ಕೊಟ್ಟನಂತೆ. ಗುರುವಿನೊಡನೆ ವಿದ್ಯೆಯೂ ಮಣ್ಣಾಯಿತೆಂಬ ಆಶಯ ಎಲ್ಲ ದೇಶಗಳ ಕುಶಲಕರ್ಮಿಗಳ ಕಥೆಗಳಲ್ಲಿಯೂ ಬರುತ್ತದೆ. ಇಲ್ಲಿಯ ವಿಶೇಷವೆಂದರೆ ಗುಟ್ಟು ಮಂತ್ರದಲ್ಲಿಲ್ಲ, ಮದ್ದಿನಲ್ಲಿಲ್ಲ, ವಾರ್ನಿಷಿನಲ್ಲಿಯೂ ಇಲ್ಲ, ಸ್ಪರ್ಶದಲ್ಲಿದೆ.

ಆ ಸ್ಪರ್ಶ ಏನನ್ನು ಅಳೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರು ತಂತಿಗಳ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೋಗ್ರಾಂ. ಒಬ್ಬ ಆಳಿನ ತೂಕಕ್ಕಿಂತ ಕಡಿಮೆಯಿಲ್ಲ. ಇದನ್ನು ಹಗಲೂ ಇರುಳೂ ತಡೆದುಕೊಳ್ಳಬೇಕಾದ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರು. ಹಲಗೆ ದಪ್ಪವಾದಷ್ಟೂ ವಾದ್ಯ ಬಾಳುತ್ತದೆ, ಆದರೆ ಮೂಕವಾಗುತ್ತದೆ. ತೆಳುವಾದಷ್ಟೂ ಬಾಯಿ ಬಿಡುತ್ತದೆ, ಆದರೆ ಉಬ್ಬಿ ಸೊಟ್ಟಗಾಗುತ್ತದೆ. ಒಂದೇ ಮರದಿಂದ ಸೀಳಿದ ಎರಡು ಹಲಗೆಗಳೂ ಒಂದೇ ಬಿಗುವಿನವಾಗಿರುವುದಿಲ್ಲವಾದ್ದರಿಂದ ಅಳತೆಯ ಪಟ್ಟಿಯೊಂದನ್ನೇ ನಂಬಿ ಕೆಲಸ ಸಾಗದು. ಅದಕ್ಕಾಗಿಯೇ ಕುಶಲಕರ್ಮಿ ಹಲಗೆಯನ್ನು ಬಾಗಿಸಿ ನೋಡುತ್ತಾನೆ, ಬೆರಳಿನಿಂದ ತಟ್ಟಿ ಕೇಳುತ್ತಾನೆ, ಒಳಪಟ್ಟಿಗಳನ್ನು ಉಳಿಯಿಂದ ಎಳೆ ಎಳೆಯಾಗಿ ಹೆರೆಯುತ್ತಾನೆ. ಮುರಿಯುವುದಕ್ಕೆ ಒಂದು ಹೆಜ್ಜೆ ಈಚೆ ನಿಲ್ಲಿಸುವ ಈ ವಿವೇಕವೇ ಗಿಟಾರ್ ಕಸುಬಿನ ತಿರುಳು. ಹರಳು ಕೂರಿಸಿದ ಅಂಚು, ಮುತ್ತಿನ ಚಿಪ್ಪಿನ ಕುಸುರಿ ಮುಂತಾದವು ಕೊಳ್ಳುವವರ ಕಣ್ಣಿಗೆ ಮೊದಲು ಬೀಳುತ್ತವೆಯಾದರೂ ಅವು ಇದರ ಮುಂದೆ ಗೌಣ.

ಉಕ್ಕಿನ ತಂತಿಯ ಗಿಟಾರಿನ ಚರಿತ್ರೆ ಅಮೆರಿಕದ ಮಾರ್ಟಿನ್ ಸಂಸ್ಥೆಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಅದರ ಆರಂಭವೇ ಒಂದು ಕುಲಕಸುಬಿನ ಜಗಳ. ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಶೆನ್ ಪಟ್ಟಣದಲ್ಲಿ ಪಿಟೀಲು ತಯಾರಕರ ಶ್ರೇಣಿಯು, ಪೀಠೋಪಕರಣ ಮಾಡುವ ಬಡಗಿಗಳಿಗೆ ಗಿಟಾರ್ ಮಾಡುವ ಹಕ್ಕಿಲ್ಲವೆಂದು ತಕರಾರು ತೆಗೆದಿತ್ತು. ಅಂಥ ಬಡಗಿ ಮನೆತನದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋಗಿ, ಆ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆಸಿದ. ಯಾವ ಕಸುಬು ಯಾರದೆಂಬ ವಾಗ್ವಾದಗಳ ಪರಿಚಯವಿರುವ ಕನ್ನಡ ಓದುಗರಿಗೆ ಈ ಪ್ರಸಂಗ ಅಪರಿಚಿತವೆನಿಸದು. ಈ ಮನೆತನದ ಕಾರ್ಯಾಗಾರದಲ್ಲಿ ಮುಂಬದಿಯ ಒಳಗೆ ಎರಡು ಪಟ್ಟಿಗಳನ್ನು ಕತ್ತರಿಯಾಕಾರದಲ್ಲಿ ದಾಟಿಸುವ ಕ್ರಮ 1840ರ ದಶಕದಲ್ಲಿ ಕಾಣಿಸಿಕೊಂಡಿತು. ಕರುಳಿನ ತಂತಿಗಾಗಿ ರೂಪುಗೊಂಡ ಆ ಕ್ರಮವೇ ಮುಂದೆ ಉಕ್ಕಿನ ತಂತಿಯ ಸೆಳೆತವನ್ನೂ ಹೊತ್ತುಕೊಂಡಿತು.

1930ರ ದಶಕದಲ್ಲಿ ಈ ಸಂಸ್ಥೆ ತಯಾರಿಸಿದ, ಯುದ್ಧನೌಕೆಯ ಹೆಸರು ಹೊತ್ತ ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಗಿಟಾರುಗಳು ಇಂದು ಸಂಗ್ರಾಹಕರ ಪಾಲಿಗೆ ದಂತಕಥೆಗಳಾಗಿವೆ. ಅವುಗಳಲ್ಲಿ ಅತ್ಯಂತ ಅಲಂಕೃತವಾದ ಡಿ-45 ಮಾದರಿ 1933ರಿಂದ 1942ರವರೆಗೆ ತಯಾರಾದದ್ದು 91 ಮಾತ್ರ. ಈ ವಾದ್ಯಗಳ ನಾದ ಉಳಿದವುಗಳಿಗೇಕಿಲ್ಲ ಎಂಬ ಪ್ರಶ್ನೆಗೆ ಗಿಟಾರ್ ಪ್ರಿಯರ ವಲಯದಲ್ಲಿ ಪ್ರಚಲಿತವಾಗಿರುವ ಉತ್ತರವೊಂದೇ: ಬ್ರೆಜಿಲ್ ಬೀಟೆ. ಮಾರ್ಟಿನ್ ಸಂಸ್ಥೆಯು ಈ ಶ್ರೇಷ್ಠ ಮಾದರಿಗಳ ಬೆನ್ನು ಮತ್ತು ಪಕ್ಕಗಳಿಗೆ ಬ್ರೆಜಿಲಿನ ಬೀಟೆಯನ್ನು ಬಳಸುತ್ತಿತ್ತು. ಆ ದೇಶ 1960ರ ದಶಕದಲ್ಲಿ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದ ಮೇಲೆ, 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಬ್ರೆಜಿಲ್ ಬೀಟೆ 1992ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿ, ಅದರ ವ್ಯಾಪಾರ ಬಹುತೇಕ ನಿಂತಿತು. ಅಂದಿನಿಂದ ಅದು ಕಳೆದುಹೋದ ಸುವರ್ಣಯುಗದ ಸಂಕೇತ. ಭಾರತದ ಬೀಟೆ ಅದರ ಬದಲಿ, ಎರಡನೆಯ ದರ್ಜೆಯ ವಾರಸುದಾರ.

ಈ ಕಥನವನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸಿದರೆ ಅದರ ಬಿರುಕು ಬೇಗ ಕಾಣುತ್ತದೆ. ಹಳೆಯ ವಾದ್ಯಗಳಿಗೂ 1970ರ ದಶಕದ ವಾದ್ಯಗಳಿಗೂ ಇದ್ದ ವ್ಯತ್ಯಾಸ ಬೆನ್ನಿನ ಮರವೊಂದೇ ಅಲ್ಲ. ಹಳೆಯವುಗಳ ಒಳಪಟ್ಟಿಗಳನ್ನು ತೊಟ್ಟಿಲಿನಂತೆ ತಗ್ಗಾಗಿ ಹೆರೆದು ಹಗುರಗೊಳಿಸಲಾಗುತ್ತಿತ್ತು. ವಾದಕರು ದಪ್ಪ ತಂತಿಗಳನ್ನು ಬಳಸತೊಡಗಿ ಹಲಗೆಗಳು ಉಬ್ಬಲಾರಂಭಿಸಿದಾಗ, 1944ರ ಸುಮಾರಿಗೆ ಸಂಸ್ಥೆ ಆ ಕ್ರಮವನ್ನೇ ಕೈಬಿಟ್ಟಿತು. ಭಾರತದ ಬೀಟೆ ಬಂದ ಕಾಲದಲ್ಲಿಯೇ ತಂತಿಗಟ್ಟೆಯ ಕೆಳಗಿನ ಆಧಾರಫಲಕವೂ ಹಿಂದಿಗಿಂತ ದೊಡ್ಡದಾಗಿ ಭಾರವಾಯಿತು. ಅಂದರೆ ಹೊಸ ಮರ ಬಂದಾಗ ಹಲಗೆಯ ಕಟ್ಟು ಆಗಲೇ ಬಿಗಿದುಕೊಂಡಿತ್ತು. ಕೇಳುಗರು ಕೇಳಿದ ವ್ಯತ್ಯಾಸ ನಿಜವಿರಬಹುದು. ಅದಕ್ಕೆ ಅವರು ಕೊಟ್ಟ ಕಾರಣ ತಪ್ಪು. ಒಳಪಟ್ಟಿ ಕಣ್ಣಿಗೆ ಕಾಣುವುದಿಲ್ಲ, ಬೆನ್ನಿನ ಮರ ಕಾಣುತ್ತದೆ. ಐತಿಹ್ಯ ಯಾವಾಗಲೂ ಕಾಣುವ ಗುರುತಿಗೇ ಜೋತುಬೀಳುತ್ತದೆ.

ಸತ್ಯ ಹೊರಬಿದ್ದದ್ದು ದುರಸ್ತಿಗಾರರ ಕೈಗಳಲ್ಲಿ. ಹಳೆಯ ಗಿಟಾರುಗಳ ಒಡಲಿಗೆ ಕೈಹಾಕಿ, ಕನ್ನಡಿ ಹಿಡಿದು ನೋಡಿದವರು ಅಲ್ಲಿನ ಹೆರೆತವನ್ನು ಗುರುತಿಸಿದರು. ಅಂಥ ವಾದ್ಯಕ್ಕೆ ಬೇಡಿಕೆ ಬೆಳೆಯಿತು. 1976ರಲ್ಲಿ ಮಾರ್ಟಿನ್ ಸಂಸ್ಥೆ ಎಚ್‌ಡಿ-28 ಎಂಬ ಮಾದರಿಯ ಮೂಲಕ ತನ್ನದೇ ಹಳೆಯ ಕ್ರಮಕ್ಕೆ ಮರಳಿತು. ಆ ಮಾದರಿಯ ಬೆನ್ನು ಭಾರತದ ಬೀಟೆಯದೇ, ಅದನ್ನು ವಾದಕರು ಮೆಚ್ಚಿದ್ದೂ ಉಂಟು. ಪರಂಪರೆಯು ಅದರ ಅಧಿಕೃತ ಒಡೆಯರಲ್ಲಿ ಮರೆತುಹೋಗಿ ಅಂಚಿನಲ್ಲಿದ್ದವರಿಂದ ಮರಳಿ ಬಂದದ್ದಕ್ಕೆ ಇದೊಂದು ಉದಾಹರಣೆ. ಗಿಟಾರ್ ಕುರಿತ ವೈಭವದ ಗ್ರಂಥಗಳಲ್ಲಿ ಈ ದುರಸ್ತಿಗಾರರಿಗೆ ಸಿಕ್ಕಿರುವ ಜಾಗ ಅಡಿಟಿಪ್ಪಣಿಯಷ್ಟು.

ಬೆನ್ನಿನ ಮರದ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಒಬ್ಬನೇ ತಯಾರಕನಿಂದ, ಬೆನ್ನು ಮತ್ತು ಪಕ್ಕಗಳ ಮರವೊಂದನ್ನುಳಿದು ಎಲ್ಲದರಲ್ಲಿಯೂ ಸಾಧ್ಯವಾದಷ್ಟು ಸಮಾನವಾದ ಆರು ಗಿಟಾರುಗಳನ್ನು ಮಾಡಿಸಿದರು. ಬ್ರೆಜಿಲ್ ಬೀಟೆ, ಭಾರತದ ಬೀಟೆ, ಮಹೋಗನಿ, ಮೇಪಲ್, ಸಪೇಲಿ, ವಾಲ್‌ನಟ್ ಆ ಆರು ಮರಗಳು. 52 ಮಂದಿ ವಾದಕರು ಮರ ಕಾಣದಂತೆ ಮಬ್ಬುಬೆಳಕಿನಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಧರಿಸಿ ನುಡಿಸಿದರು. ಆರಕ್ಕೂ ಬಂದ ಅಂಕಗಳು ಹೆಚ್ಚುಕಡಿಮೆ ಒಂದೇ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದೂ ಅವರಿಗೆ ಕಷ್ಟವಾಯಿತು. ತೋರೆಸ್ ರಟ್ಟಿನಲ್ಲಿ ಹೇಳಿದ್ದನ್ನೇ ಈ ಪ್ರಯೋಗ ಒಂದೂವರೆ ಶತಮಾನದ ನಂತರ ಅಂಕಿಗಳಲ್ಲಿ ಹೇಳಿತು. ಇದರ ನಡುವೆ, 1995ರಲ್ಲಿ ಅಮೆರಿಕದ ಬಾಬ್ ಟೇಲರ್ ಸರಕು ಸಾಗಿಸುವ ಹಳೆಯ ಮರದ ಚೌಕಟ್ಟನ್ನು ಬಿಚ್ಚಿ ಒಂದು ಗಿಟಾರು ಮಾಡಿ ಪ್ರದರ್ಶಿಸಿದ್ದುಂಟು. ಅದರಲ್ಲಿ ಮುಂಬದಿಯೂ ಗುಜರಿ ಮರವೇ.

ಹಾಗೆಂದು ಬೀಟೆಯ ಮೇಲಿನ ಒಲವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾಗುತ್ತದೆ. ಪ್ರಯೋಗ ಅಳೆದದ್ದು ಒಬ್ಬ ತಯಾರಕನ ಆರು ವಾದ್ಯಗಳನ್ನು, ಕೆಲವು ನಿಮಿಷಗಳ ಒಡನಾಟವನ್ನು. ಬೀಟೆ ಚೆನ್ನಾಗಿ ಬಾಗುತ್ತದೆ, ಒಣಗಿದ ಮೇಲೆ ಸುಲಭವಾಗಿ ತಿರುಚಿಕೊಳ್ಳುವುದಿಲ್ಲ, ನೇರಳೆಗಪ್ಪಿನ ಗೆರೆಗಳಿಂದ ಕಣ್ಣು ತುಂಬುತ್ತದೆ, ಉಳಿ ತಾಗಿದಾಗ ಕಂಪು ಬಿಡುತ್ತದೆ. ವಾದ್ಯವೆಂಬುದು ಕಿವಿಗೆ ಮಾತ್ರ ಸಲ್ಲುವ ವಸ್ತುವಲ್ಲ. ತೊಡೆಯ ಮೇಲೆ ಮಲಗುವ, ಮುಟ್ಟಿ ನೇವರಿಸುವ, ಮಕ್ಕಳಿಗೆ ಬಿಟ್ಟುಹೋಗುವ ವಸ್ತು. ಮೈಸೂರಿನ ಅಂಬಾವಿಲಾಸ ಅರಮನೆಯ ದಂತದ ಕುಸುರಿಯ ಬೀಟೆ ಬಾಗಿಲನ್ನು ಕಂಡವರು ಈ ಮರದ ಚೆಲುವಿಗೆ ಬೇರೆ ಸಮರ್ಥನೆ ಕೇಳುವುದಿಲ್ಲ. ಆಕ್ಷೇಪವಿರುವುದು ಚೆಲುವಿಗಲ್ಲ, ಚೆಲುವನ್ನು ನಾದದ ಹೆಸರಿನಲ್ಲಿ ಮಾರುವುದಕ್ಕೆ. ನಾದಕ್ಕೆ ಬೇರೆ ಮರವಿಲ್ಲವೆಂಬ ನಂಬಿಕೆಯ ಬೆಲೆಯನ್ನು ತೆರುವುದು ಕಾಡು.

ಭಾರತದ ಬೀಟೆಯನ್ನು ಅಂತರರಾಷ್ಟ್ರೀಯ ಸಂರಕ್ಷಣಾ ಪಟ್ಟಿ ದುರ್ಬಲ ಸ್ಥಿತಿಯ ಪ್ರಭೇದವೆಂದು ಗುರುತಿಸಿದೆ. ಅದು ನಿಧಾನವಾಗಿ ಬೆಳೆಯುವ ಮರ; ಬೆಲೆಬಾಳುವುದು ತಿರುಳು ಮಾತ್ರ, ತಿರುಳು ಕಟ್ಟಲು ಹಲವು ದಶಕಗಳು ಬೇಕು. ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಅದು ನೆರಳಿನ ಮರವಾಗಿಯೂ ಉಳಿದುಬಂದಿದೆ. ತನ್ನದೇ ತೋಟದ ಬೀಟೆಯನ್ನು ಕಡಿಯಲು ಬೆಳೆಗಾರನಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿ 2ರಿಂದ ಬೀಟೆ, ಶೀಶಮ್ ಒಳಗೊಂಡ ಇಡೀ ಡಾಲ್ಬರ್ಜಿಯಾ ಕುಲವೇ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟಿತು. ಗಿಟಾರ್ ಹೊತ್ತು ಗಡಿ ದಾಟುವ ವಾದಕರಿಂದಲೂ ತಯಾರಕರಿಂದಲೂ ಪ್ರತಿರೋಧ ಬಂದು, 2019ರ ನವೆಂಬರ್ 26ರಿಂದ ಸಿದ್ಧ ಸಂಗೀತ ವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ವಿನಾಯಿತಿ ದೊರೆಯಿತು. ವಾದ್ಯದ ಭಾಗವೆಂದರೆ ಯಾವುದು, ಕೇವಲ ಹಲಗೆಯೆಂದರೆ ಯಾವುದು ಎಂಬ ವರ್ಗೀಕರಣದ ತೊಡಕು ಹಿಂದೆಯೇ ಎದ್ದಿತ್ತು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಸಂಸ್ಥೆಯ ಕಾರ್ಖಾನೆಗಳಿಂದ ಭಾರತದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡಾಗ ವಿವಾದ ನಿಂತದ್ದು ಇದರ ಮೇಲೆಯೇ. ಮರುವರ್ಷದ ಒಪ್ಪಂದದಲ್ಲಿ ಆ ಸಂಸ್ಥೆ ಮಡಗಾಸ್ಕರಿನ ಕರಿಮರದ ಸಂಬಂಧವಾಗಿ 3 ಲಕ್ಷ ಡಾಲರ್ ದಂಡ ತೆತ್ತಿತು. ಭಾರತದ ಪಟ್ಟಿಗಳ ವಿಷಯದಲ್ಲಿ ನಿಯಮಗಳೇ ಅಸ್ಪಷ್ಟವೆಂದು ಒಪ್ಪಿಕೊಳ್ಳಲಾಯಿತು. ಒರಟು ಹಲಗೆ ಎಲ್ಲಿ ಮುಗಿದು ವಾದ್ಯ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತೀರ್ಮಾನಿಸಲು ಸುಂಕದ ಕಟ್ಟೆಗಿಂತ ಬಡಗಿಯ ಮೇಜು ತಕ್ಕ ಸ್ಥಳವಾಗಿತ್ತು.

ಉತ್ತಮ ಗಿಟಾರಿನ ನಾದರಂಧ್ರದೊಳಗೆ ಇಣುಕಿದರೆ ಒಂದು ಚೀಟಿ ಕಾಣುತ್ತದೆ: ಮಾಡಿದವನ ಹೆಸರು, ಊರು, ಹಲವು ಬಾರಿ ವರ್ಷ. ಮಾರಾಟದ ಪಟ್ಟಿಯಲ್ಲಿ ಮರಗಳಿಗೂ ಊರುಗಳಿರುತ್ತವೆ. ಮುಂಬದಿಯ ಸ್ಪ್ರೂಸ್ ಅಲಾಸ್ಕದ ಸಿಟ್ಕಾದ್ದೋ ನ್ಯೂಯಾರ್ಕ್ ರಾಜ್ಯದ ಅಡಿರೊಂಡ್ಯಾಕ್ ಬೆಟ್ಟಗಳದ್ದೋ ಎಂಬ ಭೇದವನ್ನು ಕೊಳ್ಳುವವರು ಬಲ್ಲರು, ಅದಕ್ಕೆ ಬೆಲೆಯನ್ನೂ ಕೊಡುವರು. ಬೆನ್ನಿನ ಮರದ ಎದುರು ಮಾತ್ರ ಈಸ್ಟ್ ಇಂಡಿಯನ್ ಎಂಬ ಕಂಪನಿ ಸರಕಾರದ ಕಾಲವನ್ನು ನೆನಪಿಸುವ ಎರಡು ಪದಗಳಿರುತ್ತವೆ. ಕೊಡಗು, ಹಾಸನ, ವಯನಾಡು, ನೀಲಗಿರಿ ಎಂಬ ಹೆಸರುಗಳು ಅಲ್ಲಿ ಬರುವುದಿಲ್ಲ. ಬೀಟೆ ಎಂಬ ಹೆಸರೂ ಬರುವುದಿಲ್ಲ.