ಪಸ್ಕದ ಮೇಜಿಗೆ ಅತಿಥಿಯಾಗಿ

ಅಮೆರಿಕದ ಹಲವು ಚರ್ಚುಗಳಲ್ಲಿ ಶುಭ ಶುಕ್ರವಾರಕ್ಕೆ ಮೊದಲು ಯೆಹೂದ್ಯರ ಪಸ್ಕದೂಟವಾದ ‘ಸೇಡರ್’ ಅನ್ನು ಏರ್ಪಡಿಸುವ ರೂಢಿ ಬೆಳೆದಿದೆ. ಮೇಜಿನ ಮೇಲೆ ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಉಪ್ಪುನೀರು, ನಾಲ್ಕು ಸಲ ತುಂಬುವ ಲೋಟ ಇರುತ್ತವೆ. ಪಾಸ್ಟರ್ ಮನೆಯ ಹಿರಿಯನ ಜಾಗದಲ್ಲಿ ಕೂತು ವಿಧಿ ನಡೆಸುತ್ತಾರೆ. ಯೇಸು ಉಂಡ ಊಟವನ್ನು ನಾವೂ ಉಂಡರೆ ಆತನ ಧರ್ಮ ನಮಗೆ ಅರ್ಥವಾದೀತು ಎಂಬುದು ಇದರ ಹಿಂದಿನ ಆಸೆ. ಯೆಹೂದ್ಯರನ್ನು ದೇವರನ್ನೇ ಕೊಂದವರೆಂದು ಶತಮಾನಗಳ ಕಾಲ ಬೋಧಿಸಿದ ಪರಂಪರೆಯ ಒಳಗಿನಿಂದ ಇಂಥ ಆಸೆ ಹುಟ್ಟಿದೆಯೆಂದರೆ ಅದು ಸಣ್ಣ ಸಂಗತಿಯಲ್ಲ. ಆದರೂ ಈ ಆಚರಣೆ ತಾನು ಬಯಸಿದ ಫಲವನ್ನು ಕೊಡುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಯೇಸುವಿನ ಕಾಲದ ಪಸ್ಕಕ್ಕೆ ಯೆರೂಸಲೇಮಿನ ದೇವಾಲಯವೇ ಕೇಂದ್ರ. ಕುರಿಮರಿಯ ಬಲಿ ನಡೆಯುತ್ತಿದ್ದುದು ಅಲ್ಲಿ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಕೆಡವಿದರು. ಹಬ್ಬವನ್ನು ಬಲಿಪೀಠದಿಂದ ಮನೆಯ ಮೇಜಿಗೆ ತಂದು ಉಳಿಸಿದವರು ರಬ್ಬಿಗಳು. ಆ ಊಟದ ಕ್ರಮ ಮೊದಲು ವಿವರವಾಗಿ ಕಾಣುವುದು ಸುಮಾರು 200ರಲ್ಲಿ ಸಂಕಲನಗೊಂಡ ರಬ್ಬಿಗಳ ಗ್ರಂಥ ಮಿಷ್ನಾದಲ್ಲಿ. ಯೇಸುವಿನ ಕಡೆಯ ಊಟ ಪಸ್ಕದೂಟವೇ ಆಗಿತ್ತೇ ಎಂಬುದರಲ್ಲೂ ಸುವಾರ್ತೆಗಳು ಒಂದೇ ಮಾತು ಹೇಳುವುದಿಲ್ಲ. ಯೋಹಾನನ ಪ್ರಕಾರ ಅದು ಹಬ್ಬಕ್ಕೆ ಮೊದಲೇ ನಡೆದದ್ದು. ಅಂದರೆ ಚರ್ಚು ಇಂದು ಅನುಕರಿಸುತ್ತಿರುವುದು, ದೇವಾಲಯ ಕಳೆದುಕೊಂಡ ಜನ ಅಳಿಯದೆ ಉಳಿಯಲೆಂದು ಕಟ್ಟಿಕೊಂಡ ಊಟವನ್ನು. ಯೇಸುವಿನ ನಂತರವೂ ಯೆಹೂದ್ಯ ಧರ್ಮ ಬೆಳೆಯಿತು, ಯೋಚಿಸಿತು, ಬದಲಾಯಿತು. ಕ್ರೈಸ್ತರು ಮುಖ್ಯವಾಗಿ ಅರಿಯಬೇಕಾದ ಆ ಸಂಗತಿಯೇ ಇಲ್ಲಿ ಮರೆಯಾಗುತ್ತದೆ.

ಅದಕ್ಕಿಂತ ನೋವಿನದು ವ್ಯಾಖ್ಯಾನ. ಸೇಡರಿನ ಮೂರು ರೊಟ್ಟಿಗಳು ತ್ರಿಯೇಕ ದೇವರಂತೆ. ಮುರಿದು ಬಚ್ಚಿಟ್ಟು ಕೊನೆಗೆ ಹೊರತೆಗೆಯುವ ನಡುವಿನ ರೊಟ್ಟಿ ಯೇಸುವಿನ ಮರಣ, ಸಮಾಧಿ, ಪುನರುತ್ಥಾನವಂತೆ. ರೊಟ್ಟಿಯ ತೂತುಗಳು ಆತನ ಗಾಯಗಳಂತೆ. ‘ಜ್ಯೂಸ್ ಫಾರ್ ಜೀಸಸ್’ ಎಂಬ ಮಿಷನರಿ ಸಂಸ್ಥೆ ಪಸ್ಕದಲ್ಲಿ ಕ್ರಿಸ್ತನನ್ನು ತೋರಿಸುವ ಪ್ರದರ್ಶನವನ್ನು ಚರ್ಚಿನಿಂದ ಚರ್ಚಿಗೆ ಒಯ್ದಿದೆ. ಆದರೆ ರೊಟ್ಟಿಯ ತೂತುಗಳು ಹಿಟ್ಟು ಉಬ್ಬದಿರಲೆಂದು ಚುಚ್ಚುವಂಥವು. ಬಚ್ಚಿಟ್ಟ ತುಂಡನ್ನು ಮಕ್ಕಳು ಹುಡುಕುತ್ತಾರೆ, ಅವರಿಗೆ ಅದೇ ರಾತ್ರಿಯ ಸಂಭ್ರಮ. ಸೇಡರನ್ನು ಹೊಸ ಒಡಂಬಡಿಕೆಯ ವಾಚನದಿಂದ ಮುಗಿಸಿ ಕ್ರೈಸ್ತೀಕರಿಸುವುದು ತಪ್ಪೆಂದು ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳ ಸಮಿತಿ 1988ರಲ್ಲೇ ಹೇಳಿತ್ತು. ಇಬ್ಬರ ನಡುವೆ ಸ್ನೇಹ ಬೆಳೆಯಬೇಕಾದರೆ, ಒಬ್ಬನ ಪ್ರಾರ್ಥನೆಗೆ ಅವನಿಗೇ ತಿಳಿಯದ ‘ನಿಜವಾದ’ ಅರ್ಥವನ್ನು ಇನ್ನೊಬ್ಬ ಹೇಳಿಕೊಡಲಾಗದು.

ಈ ಮೇಜಿನ ಮೇಲೆ ರಕ್ತದ ನೆನಪೂ ಇದೆ. ಪಸ್ಕದ ವಿಧಿಗಾಗಿ ಯೆಹೂದ್ಯರು ಕ್ರೈಸ್ತ ಮಕ್ಕಳನ್ನು ಕೊಲ್ಲುತ್ತಾರೆಂಬ ಸುಳ್ಳು ಯುರೋಪಿನಲ್ಲಿ ಮತ್ತೆ ಮತ್ತೆ ಎದ್ದಿತು. 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಸಿಮೋನ್ ಎಂಬ ಮಗುವಿನ ಸಾವಿಗೆ ಊರಿನ ಯೆಹೂದ್ಯರನ್ನು ಹಿಡಿದು, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆ ಪಡೆದು, ಗಂಡಸರನ್ನು ಕೊಂದರು. ಮಗುವಿಗೆ ಹುತಾತ್ಮನ ಪಟ್ಟ ಸಿಕ್ಕಿತು. ಆ ಆರಾಧನೆಯನ್ನು ಚರ್ಚು ನಿಲ್ಲಿಸಿದ್ದು 1965ರಲ್ಲಿ. ಯೇಸುವಿನ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಎತಾತೆ’ ಸಾರಿದ್ದೂ ಅದೇ ವರ್ಷ. 1903ರ ಈಸ್ಟರ್ ಹೊತ್ತಿಗೆ ರಷ್ಯನ್ ಸಾಮ್ರಾಜ್ಯದ ಕಿಷಿನೆವ್ ನಗರದಲ್ಲಿ ಇದೇ ಸುಳ್ಳಿನ ಬೆಂಕಿಗೆ 49 ಯೆಹೂದ್ಯರು ಬಲಿಯಾದರು. ಸೇಡರಿಗೆ ಕೆಂಪು ದ್ರಾಕ್ಷಾರಸವೇ ಶ್ರೇಷ್ಠವಾದರೂ, ಈ ಅಪವಾದದ ಭಯದಿಂದ ಅದನ್ನು ಬಿಡುವ ರೂಢಿಯನ್ನು 17ನೇ ಶತಮಾನದ ಪೋಲೆಂಡಿನ ರಬ್ಬಿ ಡೇವಿಡ್ ಹಲೇವಿ ಸೆಗಲ್ ದಾಖಲಿಸಿದ್ದಾರೆ. ಅದೇ ಲೋಟವನ್ನು ಅದೇ ವಾರದಲ್ಲಿ ಚರ್ಚಿನ ಸಭಾಂಗಣದಲ್ಲಿ ಎತ್ತುವವರು ಇಷ್ಟನ್ನಾದರೂ ತಿಳಿದಿರಬೇಡವೇ?

ಕೇರಳದ ನಸ್ರಾಣಿ ಮನೆಗಳಲ್ಲಿ ಪವಿತ್ರ ಗುರುವಾರ ಹಿರಿಯರು ಮುರಿದು ಹಂಚುವ ಹುಳಿಯಿಲ್ಲದ ‘ಪೆಸಹಾ ಅಪ್ಪಂ’ ಈ ಟೀಕೆಗೆ ಒಳಗಾಗುವುದಿಲ್ಲ. ಅದು ಅವರದೇ ಮನೆತನದ ಕ್ರೈಸ್ತ ಆಚರಣೆ, ಬೇರೆಯವರ ವೇಷವಲ್ಲ.

ಸೇಡರಿನ ಆರಂಭದಲ್ಲಿ ರೊಟ್ಟಿಯನ್ನು ಎತ್ತಿ ಹಿಡಿದು, ಹಸಿದವರೆಲ್ಲ ಬಂದು ಉಣ್ಣಲಿ ಎಂದು ಅರಾಮಿಕ್‌ನಲ್ಲಿ ಕರೆಯುತ್ತಾರೆ. ಆ ಕರೆಗೆ ಓಗೊಟ್ಟು ಯೆಹೂದಿ ಕುಟುಂಬವೊಂದರ ಮನೆಗೆ ಅತಿಥಿಯಾಗಿ ಹೋಗುವುದು ಚರ್ಚಿನಲ್ಲಿ ನೂರು ಜನಕ್ಕೆ ಮೇಜು ಹಾಕುವುದಕ್ಕಿಂತ ಮೇಲು. ಅಲ್ಲಿ ಪ್ರಶ್ನೆ ಕೇಳುವುದು ಆ ಮನೆಯ ಕಿರಿಯ ಮಗು, ಉತ್ತರ ಕೊಡುವವರು ಆ ಮನೆಯವರು. ಐಗುಪ್ತದ ಹತ್ತು ಬಾಧೆಗಳನ್ನು ಹೆಸರಿಸುವಾಗ ಒಂದೊಂದಕ್ಕೂ ಲೋಟದಿಂದ ಒಂದೊಂದು ಹನಿ ತೆಗೆಯುತ್ತಾರೆ. ಶತ್ರುವಿನ ಸಂಕಟಕ್ಕಾಗಿ ತಮ್ಮ ಸಂತೋಷವನ್ನು ಅಷ್ಟು ಕಡಿಮೆ ಮಾಡಿಕೊಳ್ಳುತ್ತೇವೆಂದು ಅವರೇ ವಿವರಿಸಿದರೆ, ಯೆಹೂದ್ಯ ಧರ್ಮವೆಂದರೆ ಬರೀ ಕಠೋರ ಕಟ್ಟಳೆ ಎಂಬ ಹಳೆಯ ಪ್ರಸಂಗದ ಮಾತು ಅತಿಥಿಯ ಮನಸ್ಸಿನಲ್ಲಿ ನಿಲ್ಲಲಾರದು.

ಯೆಹೂದಿ ನೆರೆಯವರೇ ಅಪರೂಪವಾದ ಕರ್ನಾಟಕದಲ್ಲಿ ಇಂಥ ಆಮಂತ್ರಣ ಸಿಗುವುದು ಕಷ್ಟ. ಆದರೆ ನಮ್ಮ ಪ್ರಸಂಗಗಳಲ್ಲೂ ಫರಿಸಾಯನೆಂದರೆ ಕಪಟಿ. ಇಂದಿನ ರಬ್ಬಿಗಳು ತಮ್ಮ ಪರಂಪರೆಯನ್ನು ಗುರುತಿಸುವುದು ಆ ಫರಿಸಾಯರಲ್ಲೇ ಎಂಬುದನ್ನು ಯಾರೂ ಹೇಳುವುದಿಲ್ಲ. ಏಮಿ-ಜಿಲ್ ಲೆವೀನ್ ಮತ್ತು ಮಾರ್ಕ್ ಬ್ರೆಟ್ಲರ್ 2011ರಲ್ಲಿ ಸಂಪಾದಿಸಿದ ‘ದಿ ಜ್ಯೂಯಿಷ್ ಆನೊಟೇಟೆಡ್ ನ್ಯೂ ಟೆಸ್ಟಮೆಂಟ್’ನಲ್ಲಿ ಯೆಹೂದಿ ವಿದ್ವಾಂಸರೇ ಹೊಸ ಒಡಂಬಡಿಕೆಗೆ ಪುಟಪುಟಕ್ಕೂ ಟಿಪ್ಪಣಿ ಬರೆದಿದ್ದಾರೆ. ನಮ್ಮ ಸಭಾಪಾಲಕರು ಶುಭ ಶುಕ್ರವಾರದ ಪ್ರಸಂಗ ಸಿದ್ಧಪಡಿಸುವ ಮೊದಲು ಅದರಲ್ಲಿ ಮತ್ತಾಯನ 27ನೇ ಅಧ್ಯಾಯವನ್ನಾದರೂ ಓದಲಿ.